ಎಡಕ್ಕೆ ಎಳೆಯುವ ವಿಮಾನ

2022ರ ಫೆಬ್ರವರಿ ಕೊನೆಯ ವಾರ. ರಷ್ಯಾ ಉಕ್ರೇನ್ ಮೇಲೆ ದಾಳಿ ಶುರು ಮಾಡಿ ಒಂದೆರಡು ದಿನ ಆಗಿತ್ತಷ್ಟೇ. ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ನಾನೊಂದು ವಿಡಿಯೋ ಹಾಕಿದೆ. ಒಂದು ಯುದ್ಧವಿಮಾನ ಇನ್ನೊಂದನ್ನು ಹೊಡೆದುರುಳಿಸುವ ದೃಶ್ಯ. ಕೀವ್ ನಗರದ ಮೇಲೆ ಒಬ್ಬನೇ ಪೈಲಟ್ ರಷ್ಯಾದ ವಿಮಾನಗಳನ್ನು ಒಂದರ ಹಿಂದೆ ಒಂದು ಉರುಳಿಸುತ್ತಿದ್ದಾನೆ, ಅವನಿಗೆ 'ಕೀವ್‌ನ ಭೂತ' ಅಂತ ಹೆಸರು ಬಿದ್ದಿದೆ ಎಂಬ ಸುದ್ದಿ ಜಗತ್ತೆಲ್ಲ ಓಡಾಡುತ್ತಿದ್ದ ದಿನಗಳವು. ವಿಡಿಯೋ ಕೆಳಗೆ ನಾನು ಬರೆದದ್ದು ಎರಡೇ ಪದ: 'ನಿಜವಾದ ದೃಶ್ಯ'.

ಗ್ರೂಪಿನಲ್ಲಿ ನನಗೆ ಪತ್ರಕರ್ತ ಅನ್ನೋ ಮರ್ಯಾದೆ ಇದೆ. ಡಿಪ್ಲೊಮಾ ಮಾಡಿದವನು, ಟಿವಿಗೆ ಸುದ್ದಿ ಕಳಿಸುವವನು, ಹಾಗಾಗಿ ನಾನು ಹಾಕಿದ್ದನ್ನು ಜನ ಮುಂದೆ ಕಳಿಸುತ್ತಾರೆ. ಅವತ್ತೂ ಕಳಿಸಿದರು. ಅರ್ಧ ಗಂಟೆಯಾದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಫೋನ್ ಮಾಡಿದ. ಗ್ರೂಪಿನಲ್ಲಿ ಬರೆಯದೆ ಫೋನ್ ಮಾಡಿದ್ದು ಅವನ ದೊಡ್ಡತನ.

"ಅಣ್ಣಾ, ಅದು ಖರೇ ಅಲ್ಲರಿ. ಗೇಮ್ ಅದ. ಯೂಟ್ಯೂಬ್‌ದಾಗ ವಿಡಿಯೋ ಮಾಡಿದವರೇ ಕೆಳಗ ಬರದಾರ, ನೋಡ್ರಿ."

ನೋಡಿದೆ. ಹೌದು. ಡಿಸಿಎಸ್ ಎಂಬ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮಾಡಿದ್ದು, ಆ ಪೈಲಟ್ ಮೇಲಿನ ಗೌರವಕ್ಕೆ ಮಾಡಿದ್ದು ಅಂತ ಮಾಡಿದವರೇ ಹೇಳಿಕೊಂಡಿದ್ದರು. ಮುಚ್ಚುಮರೆ ಏನೂ ಇರಲಿಲ್ಲ. ಮುಂದೆ ಕಳಿಸಿದ ನಮ್ಮಂಥವರ ಕೈಯಲ್ಲಿ ಆ ಸಾಲು ಕಳೆದುಹೋಗಿತ್ತು. ಆ ವರ್ಷದ ವಸಂತದಲ್ಲಿ ಉಕ್ರೇನಿನ ವಾಯುಪಡೆಯೇ ಕೀವ್‌ನ ಭೂತ ಒಬ್ಬ ಮನುಷ್ಯನಲ್ಲ, ಜನ ಕಟ್ಟಿದ ಕಥೆ ಎಂದು ಹೇಳಿತು. ನಾನು ಗ್ರೂಪಿನಲ್ಲಿ ತಪ್ಪಾಯಿತು ಅಂತ ಹಾಕಿದೆ. ವಿಡಿಯೋ ನೋಡಿದಷ್ಟು ಜನ ಅದನ್ನು ನೋಡಲಿಲ್ಲ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಾನು ಬೀದರ್ ಜಿಲ್ಲೆಯವನು. 2008ರಿಂದ ಇಲ್ಲಿನ ವಾಯುಪಡೆ ನೆಲೆಯಲ್ಲಿ ಹಾಕ್ ವಿಮಾನಗಳಲ್ಲಿ ತರಬೇತಿ ನಡೆಯುತ್ತದೆ. ಸೂರ್ಯಕಿರಣ ತಂಡದ ಮನೆಯೂ ಇದೇ. ಹೊಲದಲ್ಲಿ ನಿಂತರೆ ತಲೆ ಮೇಲೆ ದಿನವೂ ನಿಜವಾದ ಜೆಟ್ ಹೋಗುತ್ತದೆ. ಇಷ್ಟು ವರ್ಷ ನೋಡಿದವನಿಗೆ ಸುಳ್ಳು ವಿಮಾನ ಗುರುತು ಸಿಗಲಿಲ್ಲ ಅಂದರೆ ನಾನು ನೋಡಿದ್ದಾದರೂ ಏನು? ಆ ಗೇಮ್ ಯಾವುದು, ಅದರಲ್ಲಿ ಯಾವುದು ನಿಜ ಯಾವುದು ಬಣ್ಣ, ನಾನೇ ನೋಡಬೇಕು ಅನ್ನಿಸಿತು.

ಡಿಸಿಎಸ್ ಬಿಟ್ಟಿ ಸಿಗುತ್ತದೆ. ಬಿಟ್ಟಿಯಾಗಿ ಎರಡು ವಿಮಾನ ಕೊಡುತ್ತಾರೆ: ರಷ್ಯಾದ ದಾಳಿ ವಿಮಾನ ಸುಖೋಯ್-25ಟಿ, ಮತ್ತು ಎರಡನೇ ಮಹಾಯುದ್ಧದ ಅಮೆರಿಕದ ಮಸ್ಟಾಂಗ್ ವಿಮಾನದ ಬಂದೂಕಿಲ್ಲದ ತರಬೇತಿ ರೂಪ, ಟಿಎಫ್-51. ಉಳಿದವಕ್ಕೆ ದುಡ್ಡು. ಸುದ್ದಿ ಎಡಿಟ್ ಮಾಡಲು ಸೆಕೆಂಡ್ ಹ್ಯಾಂಡ್ ಕೊಂಡ ಕಂಪ್ಯೂಟರ್ ಮನೆಯಲ್ಲಿತ್ತು. ಹತ್ತಾರು ಜಿಬಿ ಇಳಿಸಿಕೊಳ್ಳಲು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ರಾತ್ರಿಗಳನ್ನು ಕಳೆದೆ. ನಡುವೆ ಕರೆಂಟ್ ಹೋಗುವುದು, ಬೆಳಗ್ಗೆ ಎದ್ದು ಎಷ್ಟು ಪರ್ಸೆಂಟ್ ಆಯಿತು ಅಂತ ನೋಡುವುದು. ಜಾಯ್‌ಸ್ಟಿಕ್ ಕೂಡ ಹಳೆಯದೇ. ಅದರ ಹಿಡಿಕೆಯನ್ನು ಹಿಂದೆ ಮುಂದೆ, ಎಡ ಬಲ ಬಾಗಿಸಬಹುದು, ಕೀಲಿ ತಿರುಗಿಸಿದಂತೆ ತಿರುಗಿಸಲೂಬಹುದು. ತಿರುಗಿಸಿದರೆ ರಡ್ಡರ್ ತಿರುಗುತ್ತದೆ. ರಡ್ಡರ್ ಅಂದರೆ ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಂದಿನ ಹಲಗೆ, ದೋಣಿಯ ಚುಕ್ಕಾಣಿ ಇದ್ದಂತೆ.

ಯಾರೋ ಬುದ್ಧಿವಂತರ ಮಾತು ಕೇಳಿ ಸೆಟ್ಟಿಂಗ್‌ನಲ್ಲಿ ಇದ್ದ ಸಹಾಯಗಳನ್ನೆಲ್ಲ ಆಫ್ ಮಾಡಿದೆ. ನಿಜ ತಿಳಿಯಬೇಕು ಅಂತ ಕೂತವನಿಗೆ ಸಹಾಯ ಯಾಕೆ? ಮಸ್ಟಾಂಗ್ ಅನ್ನು ರನ್‌ವೇ ಮೇಲೆ ನಿಲ್ಲಿಸಿ ಪೂರ್ತಿ ಎಂಜಿನ್ ಕೊಟ್ಟೆ. ವಿಮಾನ ಎಡಕ್ಕೆ ತಿರುಗಿ ಹುಲ್ಲಿನೊಳಗೆ ನುಗ್ಗಿ, ರೆಕ್ಕೆ ನೆಲಕ್ಕೆ ಬಡಿದು ಮಗುಚಿತು. ಎರಡನೇ ಸಲವೂ ಎಡಕ್ಕೆ. ಇಪ್ಪತ್ತನೇ ಸಲವೂ ಎಡಕ್ಕೇ.

ಜಾಯ್‌ಸ್ಟಿಕ್ ಕೆಟ್ಟಿದೆ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ 'ಜಾಯ್ ಡಾಟ್ ಸಿಪಿಎಲ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಜಾಯ್‌ಸ್ಟಿಕ್ ಮುಟ್ಟದೆ ಬಿಟ್ಟಾಗ ಅದರ ಗುರುತು ನಡುವೆ ಸುಮ್ಮನೆ ನಿಲ್ಲಬೇಕು. ನನ್ನದು ಬಾಗಿಸುವ ಗುರುತು ಸುಮ್ಮನಿತ್ತು. ತಿರುಗಿಸುವ ಪಟ್ಟಿ ಮಾತ್ರ ಜ್ವರ ಬಂದವರ ಹಾಗೆ ನಡುಗುತ್ತಿತ್ತು, ಆಗೀಗ ಎಡಕ್ಕೆ ಜಿಗಿಯುತ್ತಿತ್ತು. ಸಿಮ್ಯುಲೇಟರ್ ತೆರೆಯುವ ಮೊದಲೇ ಇದನ್ನು ನೋಡಬೇಕು. ತಪ್ಪು ಇಲ್ಲೇ ಕಂಡರೆ ಗೇಮ್ ಒಳಗೆ ಹುಡುಕಿ ಪ್ರಯೋಜನವಿಲ್ಲ.

ನಮ್ಮ ಪೇಟೆಯಲ್ಲಿ ಒಬ್ಬರು ಚಾಚಾ ಇದ್ದಾರೆ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು, ಈಗ ಮಿಕ್ಸಿ, ಫ್ಯಾನ್, ಚಾರ್ಜರ್. ಜಾಯ್‌ಸ್ಟಿಕ್ ಒಯ್ದು ಅವರ ಮೇಜಿನ ಮೇಲಿಟ್ಟೆ. ಇದೇನು ಅಂತಲೂ ಕೇಳಲಿಲ್ಲ. ಸ್ಕ್ರೂ ಬಿಚ್ಚಿ ಒಳಗೆ ನೋಡಿ ನಕ್ಕರು.

"ಇದು ರೇಡಿಯೋದ ವಾಲ್ಯೂಮ್ ಅದ ನೋಡು. ಹಳೇ ರೇಡಿಯೋ ತಿರುವಿದ್ರ ಕರಕರ ಅಂತಿತ್ತಲ್ಲ, ಇದೂ ಕರಕರ ಅನ್ಲಾಕತ್ತದ. ನಿನಗ ಕೇಳಂಗಿಲ್ಲ ಅಷ್ಟೇ."

ನಿಜ. ಹಿಡಿಕೆ ತಿರುಗಿದ್ದನ್ನು ಅಳೆಯುವುದು ಪೊಟೆನ್ಶಿಯೋಮೀಟರ್ ಎಂಬ ಬಿಡಿಭಾಗ. ಒಳಗೆ ಒಂದು ಕಪ್ಪು ಪಟ್ಟಿ, ಅದರ ಮೇಲೆ ಉಜ್ಜುತ್ತ ಸರಿಯುವ ಲೋಹದ ನಾಲಿಗೆ. ಧೂಳು ಕೂತರೆ, ಪಟ್ಟಿ ಸವೆದರೆ, ನಾಲಿಗೆ ಒಂದೇ ಜಾಗದಲ್ಲಿದ್ದರೂ ಅಳತೆ ಜಿಗಿಯುತ್ತದೆ. ಚಾಚಾ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೂವತ್ತು ನಲವತ್ತು ಸಲ ಆಚೆ ಈಚೆ ತಿರುಗಿಸಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಚಹಾ ಕುಡಿಸು ಅಂದರು. ನಡುಕ ಬಹುಪಾಲು ಹೋಯಿತು. ಉಳಿದದ್ದಕ್ಕೆ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಡೆಡ್‌ಝೋನ್ ಕೊಟ್ಟೆ. ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತಗೋಬೇಡ ಅಂತ ಯಂತ್ರಕ್ಕೆ ಹೇಳುವುದು. ಇದನ್ನು ಜಾಸ್ತಿ ಕೊಟ್ಟರೆ ಕೈಯ ಸೂಕ್ಷ್ಮವೇ ಸತ್ತುಹೋಗುತ್ತದೆ. ಹೊಸಬರು ಮೊದಲು ಮಾಡುವ ತಪ್ಪು ಅದೇ.

ಮನೆಗೆ ಬಂದು ಎಂಜಿನ್ ಕೊಟ್ಟೆ. ವಿಮಾನ ಎಡಕ್ಕೇ ಹೋಯಿತು.

ಇನ್ನೊಂದು ವಾರ ಹುಡುಕಾಟ. ಆಗ ಸಿಕ್ಕಿದ್ದು ಎರಡನೇ ಕಳ್ಳ. ಅಕ್ಕನ ಮಗ ಯಾವತ್ತೋ ಬಂದು ಬಿಟ್ಟುಹೋದ ಗೇಮ್‌ಪ್ಯಾಡ್ ಕಂಪ್ಯೂಟರಿನ ಹಿಂದೆ ಚುಚ್ಚಿಕೊಂಡೇ ಇತ್ತು. ಡಿಸಿಎಸ್‌ಗೆ ಒಂದು ಗುಣ ಇದೆ: ಯುಎಸ್‌ಬಿಗೆ ಯಾವ ಕಂಟ್ರೋಲರ್ ಚುಚ್ಚಿದರೂ ಕೇಳದೆ ಅದಕ್ಕೂ ವಿಮಾನ ನಡೆಸುವ ಅಧಿಕಾರ ಕೊಟ್ಟುಬಿಡುತ್ತದೆ. ಹಾಗಾಗಿ ನನ್ನ ವಿಮಾನಕ್ಕೆ ಇಬ್ಬರು ಡ್ರೈವರ್. ಒಬ್ಬ ನಾನು, ಇನ್ನೊಬ್ಬ ಟೇಬಲ್ ಹಿಂದೆ ಧೂಳಿನಲ್ಲಿ ಮಗ್ಗುಲಾಗಿ ಬಿದ್ದಿದ್ದ, ಕಡ್ಡಿ ಒಂದು ಕಡೆ ಒತ್ತಿಕೊಂಡಿದ್ದ ಗೇಮ್‌ಪ್ಯಾಡ್. ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ಆ್ಯಕ್ಸಿಸ್ ಪಟ್ಟಿ ತೆರೆದು ಅದರ ಕಾಲಂ ಪೂರ್ತಿ ಅಳಿಸಿದೆ. ಯಾರಿಗಾದರೂ ವಿಮಾನ ತನ್ನಿಂದ ತಾನೇ ವಾಲುತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಈ ಪಟ್ಟಿ ನೋಡಿ. ಅರ್ಧಕ್ಕರ್ಧ ಸಲ ರೋಗ ಇಲ್ಲೇ ಇರುತ್ತದೆ.

ಗೆದ್ದೆ ಅಂದುಕೊಂಡು ಕೂತೆ. ಪೂರ್ತಿ ಎಂಜಿನ್. ಎಡಕ್ಕೆ.

ಆವತ್ತು ರಾತ್ರಿ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ, ಅದಕ್ಕ ಬಲಕ್ಕ ಹೋಗಂತ ಹೇಳಬಾರದೇನು?" ಅಂದಳು. ಸಿಟ್ಟು ಬಂತು. ಆದರೆ ಉತ್ತರ ಅದೇ ಆಗಿತ್ತು.

ಮಸ್ಟಾಂಗ್ ಎಡಕ್ಕೆ ಎಳೆಯುವುದು ರಿಪೇರಿ ಮಾಡುವಂಥದ್ದಲ್ಲ. ನಿಜವಾದ ವಿಮಾನವೂ ಹಾಗೇ ಎಳೆಯುತ್ತಿತ್ತು. ಪೈಲಟ್ ಕೂತ ಕಡೆಯಿಂದ ನೋಡಿದರೆ ಅದರ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗುತ್ತದೆ. ಮೋಟಾರ್ ಚಾಲೂ ಮಾಡಿದ ಕ್ಷಣ ಪಂಪ್‌ಸೆಟ್ಟಿನ ಮೈ ಒಂದು ಸಲ ಒದರಿಕೊಳ್ಳುತ್ತದಲ್ಲ, ಗಟ್ಟಿಯಾಗಿ ಬೋಲ್ಟ್ ಮಾಡದಿದ್ದರೆ ಪೀಠದಿಂದಲೇ ಜಿಗಿಯುತ್ತದಲ್ಲ, ಅದೇ ತತ್ವ. ಎಂಜಿನ್ ಒಂದು ಕಡೆ ತಿರುಗಿಸಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಇದರ ಮೇಲೆ ಪ್ರೊಪೆಲ್ಲರ್ ದೂಡಿದ ಗಾಳಿ ವಿಮಾನವನ್ನು ಸುತ್ತಿಕೊಂಡು ಹಿಂದೆ ಹೋಗಿ ಬಾಲದ ನೆಟ್ಟನೆಯ ರೆಕ್ಕೆಗೆ ಎಡಗಡೆಯಿಂದ ಹೊಡೆಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಅದಕ್ಕೇ ಮಸ್ಟಾಂಗ್ ಪೈಲಟ್‌ಗಳಿಗೆ ಹಾರುವ ಮೊದಲು ರಡ್ಡರ್ ಟ್ರಿಮ್ ಚಕ್ರವನ್ನು 6 ಡಿಗ್ರಿ ಬಲಕ್ಕೆ ಇಡಲು ಕಲಿಸುತ್ತಿದ್ದರು. ಎಂಜಿನ್ ನಿಧಾನಕ್ಕೆ ಏರಿಸಬೇಕು, ಬಲಗಾಲು ಒತ್ತುತ್ತಲೇ ಇರಬೇಕು. ಹಿಡಿಕೆಯನ್ನು ಹಿಂದಕ್ಕೆ ಎಳೆದು ಹಿಡಿದರೆ ಬಾಲದ ಚಕ್ರ ನೆಟ್ಟಗೆ ಲಾಕ್ ಆಗಿರುತ್ತದೆ, ಮುಂದಕ್ಕೆ ದೂಡಿದರೆ ಲಾಕ್ ಬಿಡುತ್ತದೆ. ನಾನು ಬೇಗ ಹಾರಬೇಕು ಅನ್ನೋ ಅವಸರಕ್ಕೆ ಶುರುವಿನಲ್ಲೇ ಮುಂದಕ್ಕೆ ದೂಡುತ್ತಿದ್ದೆ. ಇದನ್ನೆಲ್ಲ ಯಂತ್ರವೇ ಸ್ವಲ್ಪ ನೋಡಿಕೊಳ್ಳಲಿ ಅಂತ ಇಟ್ಟ ಸಹಾಯವನ್ನು ದೊಡ್ಡ ಮನುಷ್ಯನಂತೆ ಆಫ್ ಮಾಡಿದವನೂ ನಾನೇ.

ಒಂದೇ ಎಳೆತ, ಮೂರು ಕಾರಣ. ಒಂದು ಸವೆದ ಬಿಡಿಭಾಗ, ಒಂದು ನನ್ನ ಅಜಾಗರೂಕತೆ, ಒಂದು ನಿಜ. ಪರದೆ ಮೇಲೆ ಮೂರೂ ಒಂದೇ ಥರ ಕಾಣುತ್ತಿದ್ದವು. ಮೊದಲೆರಡು ಸರಿಯಾಗದೆ ಮೂರನೆಯದು ಕಾಣುವಂತಿರಲಿಲ್ಲ. ಸಿಮ್ಯುಲೇಟರ್ ವಿಷಯದಲ್ಲಿ 'ರಿಯಲಿಸಂ ಇಲ್ಲ' ಅಂತ ಬೈಯುವವರು ಬಹಳ. ಅವರಲ್ಲಿ ಎಷ್ಟು ಜನರ ವಿಮಾನದಲ್ಲಿ ಇನ್ನೊಬ್ಬ ಡ್ರೈವರ್ ಕೂತಿದ್ದಾನೋ ದೇವರೇ ಬಲ್ಲ. ನಾನು ನೆಟ್ಟಗೆ ಹಾರಿದ್ದು ಎರಡನೇ ತಿಂಗಳಲ್ಲಿ.

ಉಳಿದ ತೊಂದರೆಗಳು ಸಣ್ಣವು. ಚಿತ್ರ ತಡೆತಡೆದು ಓಡುತ್ತಿತ್ತು. 8 ಜಿಬಿ ರ‍್ಯಾಮ್ ಸಾಲಲಿಲ್ಲ, 16 ಮಾಡಿಸಿದೆ. ಹಳೇ ಹಾರ್ಡ್‌ಡಿಸ್ಕ್ ಬಿಟ್ಟು ಎಸ್‌ಎಸ್‌ಡಿಗೆ ಹಾಕಿದೆ, ನೆರಳುಗಳನ್ನು ಕಡಿಮೆ ಮಾಡಿದೆ. ಮರಗಿಡ ಚೆಂದ ಕಾಣದಿದ್ದರೂ ಚಿತ್ರ ತಡೆಯದೆ ಓಡುವುದು ಮುಖ್ಯ. ತಡೆದರೆ ಇಳಿಯುವಾಗ ಕೈ ತಪ್ಪುತ್ತದೆ. ತಲೆ ತಿರುಗಿಸಿದರೆ ಪರದೆಯ ನೋಟವೂ ತಿರುಗಲಿ ಅಂತ ಓಪನ್‌ಟ್ರ್ಯಾಕ್ ಎಂಬ ಬಿಟ್ಟಿ ತಂತ್ರಾಂಶ ಹಾಕಿ ವೆಬ್‌ಕ್ಯಾಮ್ ಮುಂದೆ ಕೂತೆ. ಸಂಜೆಯಾದರೆ ನನ್ನ ತಲೆ ತಾನೇ ಮೇಲಕ್ಕೆ ನೋಡುತ್ತಿತ್ತು. ಯಾಕೆ ಅಂತ ನೋಡಿದರೆ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೈಮುಗಿದು ನಗುತ್ತಿದ್ದ ರಾಜಕಾರಣಿಯ ಮುಖವನ್ನು ಕ್ಯಾಮೆರಾ ನನ್ನ ಮುಖ ಅಂತ ಹಿಡಿದಿತ್ತು. ಕ್ಯಾಲೆಂಡರ್ ಅಡುಗೆಮನೆಗೆ ಹೋಯಿತು, ಮುಖದ ಮುಂದೆ ಒಂದು ಬಲ್ಬ್ ಬಂತು.

ನಮ್ಮ ಓದುಗರಲ್ಲಿ ಬಹಳ ಜನರ ಬಳಿ ಇರುವುದು ಫೋನ್ ಮಾತ್ರ, ಅದು ನನಗೆ ಗೊತ್ತು. ಇದನ್ನು ಬರೆಯುತ್ತಿರುವುದು ನೀವೂ ಕಂಪ್ಯೂಟರ್ ಕೊಳ್ಳಿ ಅಂತ ಅಲ್ಲ. ಚಿತ್ರ ಚೆಂದ ಇದ್ದಷ್ಟೂ ನಿಜ ಅನ್ನೋ ನಂಬಿಕೆ ನನ್ನ ತಲೆಯಲ್ಲೂ ಇತ್ತು, ಅದು ಹೇಗೆ ಹೋಯಿತು ಅನ್ನುವುದನ್ನು ಹೇಳಬೇಕಾಗಿದೆ.

ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಫ್ಲೈಟ್ ಸಿಮ್ಯುಲೇಟರ್‌ಗೆ ಚಿತ್ರವೇ ಇರಲಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1920ರ ದಶಕದ ಕೊನೆಗೆ ಅದನ್ನು ಮಾಡಿದ. ಅವನ ಅಪ್ಪನದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. ನಮ್ಮ ಭಜನೆಯ ಹಾರ್ಮೋನಿಯಂಗೆ ತಿದಿ ಇರುತ್ತದಲ್ಲ, ಹಾಗೇ ಆರ್ಗನ್ನಿಗೂ ಗಾಳಿಯ ತಿದಿಗಳು. ಆ ತಿದಿಗಳ ಮೇಲೆ ಮರದ ಪುಟ್ಟ ವಿಮಾನ ಕೂರಿಸಿದ. ಗಾಳಿ ತುಂಬಿದರೆ ಏಳುತ್ತದೆ, ಬಿಟ್ಟರೆ ವಾಲುತ್ತದೆ. ಒಳಗೆ ಕೂತವನ ಮೇಲೆ ಮುಚ್ಚಳ ಹಾಕಿಬಿಡುತ್ತಿದ್ದರು. ಆಕಾಶವಿಲ್ಲ, ನೆಲವಿಲ್ಲ, ಎದುರಿಗೆ ಮುಳ್ಳುಗಳು ಮಾತ್ರ. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ದಾರಿ ಕಾಣದೆ ಹಲವರು ಸತ್ತರು. ಆಮೇಲೆ ಸೇನೆ ಇವನ ಯಂತ್ರ ಕೊಂಡಿತು. ಕಣ್ಣು, ಮೈ ಹೇಳಿದ್ದನ್ನು ನಂಬದೆ ಮುಳ್ಳು ಹೇಳಿದ್ದನ್ನು ನಂಬಲು ಕಲಿಸುವುದೇ ಅದರ ಕೆಲಸವಾಗಿತ್ತು.

ಇದು ಓದಿದ ಮೇಲೆ ನಾನು ಮಿಗ್-21 ಕೊಂಡೆ. ಡಿಸಿಎಸ್‌ನಲ್ಲಿ 2014ರಿಂದ ಅದು ಇದೆ. ರಿಯಾಯಿತಿ ಬಂದಾಗ ಕೊಂಡೆ, ಎಷ್ಟಕ್ಕೆ ಅಂತ ಮನೆಯಲ್ಲಿ ಹೇಳಿಲ್ಲ. ಕೊಳ್ಳಲು ಕಾರಣ ಕೆಲಸದ್ದೇ. ನಮ್ಮ ವಾಯುಪಡೆಗೆ ಮಿಗ್-21 ಬಂದದ್ದು 1963ರಲ್ಲಿ, ಕೊನೆಯದಾಗಿ ಬೀಳ್ಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ. ಅರವತ್ತು ವರ್ಷಕ್ಕೂ ಹೆಚ್ಚು. ಅದರಲ್ಲಿ ಪ್ರತಿ ಅಪಘಾತಕ್ಕೂ ನಮ್ಮ ಪತ್ರಿಕೆಗಳು ಒಂದೇ ತಲೆಬರಹ ಹಾಕಿವೆ: 'ಹಾರುವ ಶವಪೆಟ್ಟಿಗೆ'. ನಾನೂ ಟಿಕ್ಕರ್‌ಗೆ ಅದನ್ನೇ ಬರೆದು ಕಳಿಸಿದ್ದೇನೆ. ಯೋಚನೆಯೇ ಬೇಕಾಗದ ಪದ ಅದು.

ಮಿಗ್-21ರ ರೆಕ್ಕೆ ಸಣ್ಣದು, ತ್ರಿಕೋನದ್ದು. ಎತ್ತರದಲ್ಲಿ ವೇಗವಾಗಿ ಹೋಗಲು ಮಾಡಿದ್ದು, ನಿಧಾನಕ್ಕೆ ಇಳಿಯಲು ಅಲ್ಲ. ಚಕ್ರ ನೆಲಕ್ಕೆ ತಾಗುವಾಗಲೇ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ನನ್ನ ಕೈಯಲ್ಲಿ ಅದು ಮತ್ತೆ ಮತ್ತೆ ರನ್‌ವೇಗೆ ಮೊದಲೇ ಕಲ್ಲಿನ ಹಾಗೆ ಬಿದ್ದಿತು. ವೇಗ ಜಾಸ್ತಿಯಾಯಿತು ಅಂತ ಎಂಜಿನ್ ಕಡಿಮೆ ಮಾಡುತ್ತೇನೆ, ವಿಮಾನ ಧೊಪ್ಪನೆ ಬೀಳುತ್ತದೆ. ಮತ್ತೆ ಜಾಯ್‌ಸ್ಟಿಕ್ ಮೇಲೆ ಅನುಮಾನ, ಮತ್ತೆ ಅದೇ ಸಣ್ಣ ಕಿಟಕಿ. ಈ ಸಲ ಎಲ್ಲ ನೆಟ್ಟಗಿತ್ತು. ಕಾರಣ ವಿಮಾನದ್ದೇ. ಇಳಿಯುವಾಗ ರೆಕ್ಕೆಗೆ ಬಲ ಸಾಲದೆಂದು ಮಿಗ್-21ರ ಎಂಜಿನ್ನಿನಿಂದ ಗಾಳಿ ಕದ್ದು ಫ್ಲಾಪ್‌ಗಳ ಮೇಲೆ ಊದುವ ಏರ್ಪಾಡು ಇದೆ. ಎಂಜಿನ್ ಇಳಿಸಿದರೆ ಊದುವ ಗಾಳಿಯೂ ಕಡಿಮೆ, ರೆಕ್ಕೆ ಎತ್ತುವ ಬಲವೂ ಕಡಿಮೆ. ಗಾಬರಿಯಲ್ಲಿ ಕೈ ಯಾವ ಕಡೆ ಹೋಗುತ್ತದೋ ಅದೇ ಸಾವಿನ ಕಡೆ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗರು ಇದನ್ನು ನಡೆಸುತ್ತಿದ್ದರು.

ಅವರು ನಿಧಾನದ ತರಬೇತಿ ವಿಮಾನದಿಂದ ಇದಕ್ಕೆ ಹಾರಬೇಕಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಆಧುನಿಕ ಜೆಟ್ ತರಬೇತಿ ವಿಮಾನ ಬೇಕು ಅಂತ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಹಾಕ್ ವಿಮಾನಗಳಿಗೆ ಒಪ್ಪಂದವಾದದ್ದು 2004ರಲ್ಲಿ. ನಮ್ಮ ಬೀದರಿಗೆ ಬಂದದ್ದು 2008ರಲ್ಲಿ. ಇಪ್ಪತ್ತಾರು ವರ್ಷ. ನನ್ನ ತಲೆ ಮೇಲೆ ಹಾರುವ ಈ ವಿಮಾನವೇ ಆ ಮೆಟ್ಟಿಲು ಅಂತ ನನಗೆ ತಿಳಿದದ್ದು ಮನೆಯಲ್ಲಿ ಕೂತು ಪರದೆ ಮೇಲೆ ಬಿದ್ದು ಬಿದ್ದು ಸಾಕಾದ ಮೇಲೆ. 'ಶವಪೆಟ್ಟಿಗೆ' ಅಂತ ಬರೆದವನು ಈ ಇಪ್ಪತ್ತಾರು ವರ್ಷದ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಹಾಗಂತ ಸಿಮ್ಯುಲೇಟರ್ ಎಲ್ಲ ತಿಳಿಸಿತು ಅಂದರೆ ಅದು ಇನ್ನೊಂದು ಸುಳ್ಳು. 9 ಜಿ ತಿರುವಿನಲ್ಲಿ 60 ಕಿಲೋ ಮನುಷ್ಯ 540 ಕಿಲೋ ಆಗುತ್ತಾನೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಕಣ್ಣು ಕತ್ತಲಾಗುತ್ತದೆ. ಅದನ್ನು ತಡೆದುಕೊಳ್ಳುವುದನ್ನು ಕಲಿಸಲು ಬೆಂಗಳೂರಿನ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಕೂರಿಸಿ ಗರಗರ ಸುತ್ತಿಸುವ ಯಂತ್ರವೇ ಇದೆ. ನನ್ನ ಮನೆಯಲ್ಲಿ ಪರದೆಯ ಅಂಚು ಕಪ್ಪಾಗುತ್ತದೆ ಅಷ್ಟೇ. ಪಕ್ಕದಲ್ಲಿ ಚಹಾ ಲೋಟ ಇರುತ್ತದೆ.

ಇನ್ನೊಂದೂ ಇಲ್ಲ. 2019ರ ಫೆಬ್ರವರಿ 19, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ. ಯಲಹಂಕದಲ್ಲಿ ಅಭ್ಯಾಸ ಮಾಡುವಾಗ ಸೂರ್ಯಕಿರಣದ ಎರಡು ಹಾಕ್ ಒಂದಕ್ಕೊಂದು ತಾಗಿ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ತಂಡ ಬೀದರಿನದಲ್ಲವೇ, 'ಊರಿನ ಪ್ರತಿಕ್ರಿಯೆ' ಕಳಿಸಿ ಅಂತ ನನಗೆ ಫೋನ್ ಬಂತು. ಚಹಾ ಅಂಗಡಿ ಮುಂದೆ ಮೈಕ್ ಹಿಡಿದು ನಿಂತೆ. ಯಾರಿಗೂ ಮಾತು ಬರಲಿಲ್ಲ. ಒಬ್ಬ ಮುದುಕರು, "ಮುಂಜಾನಿ ಮುಂಜಾನಿ ನಮ್ಮ ಹೊಲದ ಮ್ಯಾಲಿಂದೇ ಹೋಗ್ತಿದ್ವು" ಅಂದರು, ಅಷ್ಟೇ. ಆ ಬೈಟ್ ಸಪ್ಪೆಯಾಯಿತು ಅಂತ ಡೆಸ್ಕ್‌ನಲ್ಲಿ ಕೈಬಿಟ್ಟರು. ಸಿಮ್ಯುಲೇಟರ್‌ನಲ್ಲಿ ನಾನು ಬಿದ್ದಾಗಲೆಲ್ಲ ಮತ್ತೆ ಹಾರು ಎಂಬ ಬಟನ್ ಬರುತ್ತದೆ. ಒತ್ತುವ ಮೊದಲು ಕೆಲವೊಮ್ಮೆ ಆ ಮುದುಕರು ನೆನಪಾಗುತ್ತಾರೆ.

ಈಗ 2025ರ ಮೇ ತಿಂಗಳಿಗೆ ಬರುತ್ತೇನೆ. ಆಪರೇಷನ್ ಸಿಂಧೂರ ನಡೆದ ದಿನಗಳು. ರಾತ್ರಿ ಹತ್ತರ ಮೇಲೆ ಫೋನ್ ನಿಲ್ಲುತ್ತಲೇ ಇರಲಿಲ್ಲ. ನಾನು ಸುದ್ದಿ ಕಳಿಸುವ ಕಡೆಯಿಂದ ಒಂದು ಕ್ಲಿಪ್ ಬಂತು. ರಾತ್ರಿಯ ಆಕಾಶಕ್ಕೆ ಬೆಂಕಿಯ ಗೆರೆಗಳು ಏರುತ್ತವೆ, ವಿಮಾನವೊಂದು ಹೊತ್ತಿ ಉರಿದು ಬೀಳುತ್ತದೆ. "ನಿಮ್ಮಲ್ಲಿ ವಾಯುಪಡೆ ನಿವೃತ್ತರು ಇದ್ದಾರಲ್ಲ, ಒಬ್ಬರ ಹತ್ತಿರ ಇದರ ಮೇಲೆ ಬೈಟ್ ತಗೊಂಡು ಹದಿನೈದು ನಿಮಿಷದಲ್ಲಿ ಕಳಿಸಿ" ಎಂದರು.

ಮೊದಲ ನೋಟಕ್ಕೇ ಏನೋ ಸರಿಯಿಲ್ಲ ಅನ್ನಿಸಿತು. ನಮ್ಮೂರಲ್ಲಿ ಹಾಕ್ ಹೋಗುವಾಗ ಫೋನ್‌ನಲ್ಲಿ ಹಿಡಿಯಲು ನೋಡಿದವರಿಗೆ ಗೊತ್ತು, ಎರಡು ಸೆಕೆಂಡಿಗೆ ಅದು ಫ್ರೇಮ್ ಬಿಟ್ಟು ಹೋಗಿರುತ್ತದೆ, ಮತ್ತೆ ಹುಡುಕಬೇಕು. ಈ ಕ್ಲಿಪ್‌ನಲ್ಲಿ ಕ್ಯಾಮೆರಾ ನಡುಗುತ್ತಿತ್ತು, ಆದರೆ ವಿಮಾನ ಮಾತ್ರ ನಡುವಿನಿಂದ ಜರುಗಲೇ ಇಲ್ಲ. ಸಿಮ್ಯುಲೇಟರ್‌ಗಳಲ್ಲಿ ಒಂದು ಕೀ ಒತ್ತಿದರೆ ಹೊರಗಿನ ಕ್ಯಾಮೆರಾ ವಿಮಾನಕ್ಕೆ ಅಂಟಿಕೊಳ್ಳುತ್ತದೆ, ಅದೇ ಥರ. ಮೂರು ಸ್ಫೋಟಗಳ ಹೊಗೆ ಒಂದೇ ಅಚ್ಚಿನಲ್ಲಿ ಹೊಯ್ದಂತಿತ್ತು. ಯುದ್ಧ ನೋಡುತ್ತ ನಿಂತ ಮನುಷ್ಯನ ಬಾಯಿಂದ ಒಂದು ಉದ್ಗಾರವೂ ಇಲ್ಲ.

ಆದರೆ ಅನ್ನಿಸಿದ್ದನ್ನೇ ನಂಬಿದರೆ ಅದು ಜಾಯ್‌ಸ್ಟಿಕ್ ಕೆಟ್ಟಿದೆ ಅಂತ ತೀರ್ಮಾನಿಸಿದ ಹಾಗೇ ಆಗುತ್ತದೆ. ನಿಜ ಯುದ್ಧದ ವಿಡಿಯೋ ಕೂಡ ವಿಚಿತ್ರವಾಗಿ ಕಾಣಬಹುದು. ಕ್ಲಿಪ್‌ನ ಎರಡು ಮೂರು ಕಡೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದೆ. ಫೋನ್ ಇದ್ದವರೆಲ್ಲ ಮಾಡಬಹುದಾದ ಕೆಲಸ. ಹಳೆಯ ಒಂದು ವಿಡಿಯೋ ಸಿಕ್ಕಿತು, ಅದೇ ಹೊಗೆ, ಅದೇ ಬೀಳುವಿಕೆ. ಕೆಳಗೆ ಮಾಡಿದವರು ಬರೆದಿದ್ದರು: ಆರ್ಮಾ 3. ಅದು ಸೈನಿಕರ ಯುದ್ಧದ ಸಿಮ್ಯುಲೇಟರ್. ಆ ಗೇಮಿನ ದೃಶ್ಯಗಳನ್ನು ನಿಜವೆಂದು ಹಂಚುವುದು ಎಷ್ಟು ಹೆಚ್ಚಾಗಿತ್ತೆಂದರೆ, 2022ರ ನವೆಂಬರ್‌ನಲ್ಲಿ ತಯಾರಕರೇ ಪತ್ತೆ ಮಾಡುವುದು ಹೇಗೆ ಅಂತ ಹೇಳಿಕೆ ಕೊಟ್ಟಿದ್ದರು. ಮಸುಕು ಚಿತ್ರ, ಅಲುಗುವ ಕ್ಯಾಮೆರಾ, ಬಹುತೇಕ ಕತ್ತಲು, ಶಬ್ದವಿಲ್ಲ, ಓಡಾಡುವ ಜನರಿಲ್ಲ, ಇವನ್ನು ಗಮನಿಸಿ ಅಂದಿದ್ದರು. ನೋಡಿ, ದೃಶ್ಯ ಕೆಡಿಸಿದಷ್ಟೂ ನಿಜ ಅನ್ನಿಸುತ್ತದೆ ಅನ್ನುವುದು ಹಂಚುವವರಿಗೂ ಗೊತ್ತು.

ಡೆಸ್ಕ್‌ಗೆ ಲಿಂಕ್ ಕಳಿಸಿ, "ಸರ್, ಇದು ಗೇಮ್. ಬೈಟ್ ತಗೊಳ್ಳಲ್ಲ" ಅಂದೆ.

"ಬೇರೆ ಕಡೆ ಹೋಗ್ತಾ ಇದೆ ಕಣ್ರೀ."

"ಹೋಗ್ಲಿ ಸರ್."

ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಆ ಬೈಟ್ ಬೇರೆ ಜಿಲ್ಲೆಯಿಂದ ತರಿಸಿದರು. ಆ ದಿನಗಳಲ್ಲಿ ಹೀಗೆ ಓಡಾಡಿದ ವಿಡಿಯೋ ಗೇಮ್ ದೃಶ್ಯಗಳ ಬಗ್ಗೆ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಎಚ್ಚರಿಸಿತು. ನನಗೆ ಸ್ಟೋರಿ ಲೆಕ್ಕದಲ್ಲಿ ದುಡ್ಡು. ಆ ತಿಂಗಳು ಒಂದು ಸ್ಟೋರಿ ಕಡಿಮೆ, ಆಮೇಲಿನ ಎರಡು ತಿಂಗಳು ಫೋನ್ ಕೂಡ ಕಡಿಮೆ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ಅದನ್ನು ಪರೀಕ್ಷಿಸಲು ನನ್ನ ಹತ್ತಿರ ಯಾವ ಸಣ್ಣ ಕಿಟಕಿಯೂ ಇಲ್ಲ.

ಅವತ್ತು ಫೋನ್ ಮಾಡಿದ ಹುಡುಗ ಈಗ ಡಿಗ್ರಿ ಓದುತ್ತಿದ್ದಾನೆ. ರಜೆಗೆ ಬಂದಾಗ ಮನೆಗೆ ಬರುತ್ತಾನೆ. ಹೋದ ವಾರ ಮಿಗ್-21 ಕೊಟ್ಟು ಇಳಿಸು ಅಂದೆ. ಎಂಜಿನ್ ಬಿಡದೆ, ಕೊನೆಯವರೆಗೂ ಹಿಡಿದು, ಚಕ್ರ ತಾಗಿದ ಮೇಲೆ ಬಾಲದ ಪ್ಯಾರಾಚೂಟ್ ಬಿಚ್ಚಿದ. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ವಿಮಾನ ರನ್‌ವೇ ಮೇಲೆ ನಿಧಾನಕ್ಕೆ ಎಡಕ್ಕೆ ಸರಿಯತೊಡಗಿತು.

"ಅಣ್ಣಾ, ನಾ ಏನೂ ಮಾಡ್ಲಾಕತ್ತಿಲ್ಲ. ತಾನೇ ಎಡಕ್ಕ ಹೊಂಟದ."

"ಅಡ್ಡ ಗಾಳಿ ಇರಬೇಕು ತಮ್ಮಾ."

"ಗಾಳಿ ಸೊನ್ನೆ ಇಟ್ಟೀರಿ."

ಗೇಮ್ ಮುಚ್ಚಿ ಆ ಸಣ್ಣ ಕಿಟಕಿ ತೆರೆದೆವು. ತಿರುಗಿಸುವ ಪಟ್ಟಿ ಮತ್ತೆ ನಡುಗುತ್ತಿದೆ. ನಾಳೆ ಶನಿವಾರ, ಚಾಚಾನ ಅಂಗಡಿ ಮಧ್ಯಾಹ್ನದವರೆಗೂ ತೆರೆದಿರುತ್ತದೆ.